ಕೊಂಡಿಯ ಮೇಲೆ ಮೂರು ಚುಕ್ಕಿ

ಬಾನೆಟ್ ಎತ್ತಿದ ಪಿಕಪ್ ಗಾಡಿಯ ಸುತ್ತ ನಿಂತ ಗಂಡಸರನ್ನು ಕಂಡರೆ ಲಾಂಡ್ರಿ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಸೊಂಟದ ಮೇಲೆ ಕೈ, ಮುಖದ ತುಂಬ ಪಾಂಡಿತ್ಯ, ಬಾಯಲ್ಲಿ ಮಾತ್ರ ಒಂದೇ ಮಾತು: "ಹೂಂ, ಸ್ವಲ್ಪ ಕಷ್ಟ ಇದೆ." ಕಷ್ಟ ಇದೆ ಎಂದು ಹೇಳುವುದಕ್ಕೆ ಇಷ್ಟು ಜನ ಬೇಕೇ? ಪಕ್ಕದಂಗಡಿಯ ಟೈಲರು ಇಂಜಿನ್ನಿನೊಳಗೆ ತಲೆ ತೂರಿಸಿ ನೋಡಿದ. ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲೂ ಇನ್ನೊಬ್ಬರನ್ನು ಕರೆಯುವ ಆಸಾಮಿ ಅವನು. ಅವರೆಲ್ಲರ ನಡುವೆ ಅವಳ ಗಂಡ, ಯಾರು ಏನು ಹೇಳಿದರೂ ಗೋಣು ಆಡಿಸುತ್ತ ನಿಂತಿದ್ದ. ರಿಪೇರಿ ಮಾಡಿಸು ಎಂದವನಿಗೂ ಹೌದು, ಇಂಜಿನ್ನೇ ಬದಲಾಯಿಸು ಎಂದವನಿಗೂ ಹೌದು.

ಗಾಡಿಯ ರೋಗವೇನೂ ಗುಟ್ಟಾಗಿರಲಿಲ್ಲ. ಏರು ಬಂದರೆ ಏದುಸಿರು, ನಿಂತರೆ ನೀಲಿ ಹೊಗೆ, ಸುರಿದಷ್ಟೂ ಎಣ್ಣೆ ಕುಡಿಯುವ ಚಟ. ಆ ಹೊಗೆ ಸುತ್ತಿ ಬಂದು ಟಾರ್ಪಾಲಿನೊಳಗೆ ಸೇರಿ, ಒಗೆದು ಇಸ್ತ್ರಿ ಮಾಡಿಟ್ಟ ಬೆಡ್‌ಶೀಟುಗಳಿಗೆಲ್ಲ ವಾಸನೆ ಹಿಡಿಯುತ್ತಿತ್ತು. ದೊಡ್ಡ ಲಾಡ್ಜಿನ ಮ್ಯಾನೇಜರು ಒಂದು ಶೀಟನ್ನು ಮೂಗಿಗೆ ಹಿಡಿದು ನೋಡಿ, ಇಡೀ ಕಟ್ಟನ್ನೇ ವಾಪಸು ಕೊಟ್ಟಿದ್ದ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ಅವಳ ತೊಟ್ಟಿಗೆ ಬೀಳುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ಆ ಲಾಡ್ಜಿನದು. ಅದು ಹೋದರೆ ಲಾಂಡ್ರಿಗೆ ಬೀಗ, ಅಷ್ಟೇ.

ಗ್ಯಾರೇಜಿನ ಮೇಸ್ತ್ರಿ ಮಾತ್ರ ನೆಟ್ಟಗೆ ಹೇಳಿದ. "ಅಕ್ಕ, ರಿಂಗು, ಪಿಸ್ಟನ್ನು ಎಲ್ಲ ಸವೆದಿದೆ. ಇಂಜಿನ್ ಇಳಿಸಿ, ಸಿಲಿಂಡರು ಕೊರೆಸಿ ಬೋರ್ ಮಾಡಿಸಿ, ಹೊಸದು ಹಾಕಿದ್ರೆ ಇನ್ನೂ ಓಡುತ್ತೆ. ಆದ್ರೆ ಟೈಮ್ ಹಿಡಿಯುತ್ತೆ. ಬೇರೆ ಇಂಜಿನ್ ಕೂರಿಸೋದು ಬೇಗ ಆಗುತ್ತೆ. ಅದರ ಹೊಟ್ಟೇಲಿ ಏನಿದೆ ಅಂತ ಮಾತ್ರ ನನ್ನ ಕೇಳ್ಬೇಡಿ."

"ನೀವೇನು ಮಾಡ್ತೀರ್ರೀ?" ಎಂದು ಅವಳು ಗಂಡನನ್ನು ಕೇಳಿದಳು.

"ನೋಡೋಣ," ಎಂದ ಅವನು. ಮದುವೆಯಾದಾಗಿನಿಂದ ನೋಡುತ್ತಲೇ ಇದ್ದಾನೆ. ನೋಡಿ ಮುಗಿದಿಲ್ಲ.

ಲಾಂಡ್ರಿ ಅವಳ ತಾಯಿಯದು. ತಾಯಿ ಬಿಟ್ಟುಹೋದದ್ದು ಎರಡು ಸಿಮೆಂಟ್ ತೊಟ್ಟಿ, ಒಂದು ಇಸ್ತ್ರಿ ಪೆಟ್ಟಿಗೆ, ಮತ್ತು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಒಬ್ಬ ತಮ್ಮ. ತೊಟ್ಟಿಗಳು ಇವತ್ತಿಗೂ ಸೋರಿಲ್ಲ. ತಮ್ಮನ ವಿಷಯ ಹಾಗೆ ಹೇಳುವಂತಿಲ್ಲ. ತಾಯಿಯಿಂದ ಬಂದದ್ದು ಇನ್ನೊಂದಿತ್ತು, ಗುರುತು ಹಾಕುವ ಚಾಳಿ. ಗಿರಾಕಿಗಳ ಬಟ್ಟೆಗೆ ಕಾಲರಿನೊಳಗೆ ಅಳಿಸದ ಮಸಿಯಲ್ಲಿ ನಂಬರು. ಮನೆಯವರ ಬಟ್ಟೆಗೆ ಗುರುತೇ ಇಲ್ಲ. ಗುರುತಿಲ್ಲದ ಬಟ್ಟೆ ಮನೆಯದು ಎಂದೇ ಲೆಕ್ಕ. ಇನ್ನು ಬಕೆಟ್ಟು, ಸ್ಟೂಲು, ಇಸ್ತ್ರಿ ಪೆಟ್ಟಿಗೆ, ನೀರಿನ ಪಂಪು, ಹೀಗೆ ಯಾರಾದರೂ ಎತ್ತಿಕೊಂಡು ಹೋಗಬಹುದಾದ ಪ್ರತಿಯೊಂದಕ್ಕೂ ಉಳಿಯಿಂದ ಮೂರು ಚುಕ್ಕಿ. ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ಅವರ ಹಳೆಯ ಪಿಕಪ್ಪಿನ ಬ್ಯಾಟರಿ ಬದಲಾಯಿಸಿ ಟೋಪಿ ಹಾಕಿದ್ದರು. ಅವತ್ತು ಅವಳು ಸುತ್ತಿಗೆ, ಉಳಿ ಹಿಡಿದು ಆ ಗಾಡಿಯನ್ನೂ ಬಿಡಲಿಲ್ಲ. ಇಂಜಿನ್ನನ್ನು ಸರಪಳಿ ಕಟ್ಟಿ ಎತ್ತುವ ಕಬ್ಬಿಣದ ಕೊಂಡಿಯ ಮೇಲೂ ಮೂರು ಚುಕ್ಕಿ ಬಿದ್ದವು.

"ನನ್ನ ಹಣೆಗೂ ಒಂದೇಟು ಹಾಕ್ಬಿಡು," ಎಂದು ಗಂಡ ನಕ್ಕಿದ್ದ.

"ನಿಮ್ಮನ್ನ ಯಾರು ಕದೀತಾರೆ?" ಎಂದಿದ್ದಳು.

ಆಮೇಲೆ ಅದೇ ಮಾಡೆಲಿನ ಈಗಿನ ಗಾಡಿ ಕೊಂಡಾಗ ಆ ಹಳೆಯ ಪಿಕಪ್ಪನ್ನು ತಮ್ಮನಿಗೇ ಕೊಟ್ಟಳು, ಬಾಡಿಗೆ ಹೊಡೆದು ಬದುಕಿಕೊಳ್ಳಲಿ ಎಂದು. ಅವನು ಅದರಲ್ಲಿ ಮದುವೆಮನೆಗೆ ಹೊರಟವನ ಹಾಗೆ ಅಲಂಕಾರ ಮಾಡಿಕೊಂಡು ಓಡಾಡಿದ. ಎಣ್ಣೆ ಬದಲಾಯಿಸಬೇಕು ಎಂಬ ಸಂಗತಿ ಅವನ ಕಿವಿಗೆ ಬಿದ್ದಂತಿರಲಿಲ್ಲ. ಕೊನೆಗೊಂದು ದಿನ, ದೂರದೂರಿನವನಿಗೆ ಮಾರಿಬಿಟ್ಟೆ ಎಂದ. ಆಮೇಲೆ ಇನ್ನೇನೋ ವ್ಯಾಪಾರ, ಅದಾದ ಮೇಲೆ ಮತ್ತೇನೋ. ಯಾವ ವ್ಯಾಪಾರ ಮುಳುಗಿದರೂ ಅವನ ಷರಟಿನ ಮಡಿಕೆ ಮಾತ್ರ ಮುರಿಯುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಇಸ್ತ್ರಿ ತಿಕ್ಕುತ್ತಿದ್ದವಳು ಅಕ್ಕ. ಬೀದಿಯವರು ಅವನನ್ನು ಸಾಹುಕಾರ ಎನ್ನುತ್ತಿದ್ದರು. ಅದು ಅಣಕ ಎಂದು ಅವನಿಗೆ ಹೊಳೆದಿರಲಿಲ್ಲ.

ಗಾಡಿ ಕೆಟ್ಟ ಸುದ್ದಿ ತಿಳಿದದ್ದೇ ತಡ, ಸಾಹುಕಾರ ಕಪ್ಪು ಕನ್ನಡಕ ಹಾಕಿಕೊಂಡು ಹಾಜರಾದ.

"ಭಾವ, ರಿಪೇರಿ ಗಿಪೇರಿ ಅಂತ ತಲೆ ಕೆಡಿಸ್ಕೋಬೇಡಿ. ಇದೇ ಮಾಡೆಲ್‌ದು ಒಂದು ಇಂಜಿನ್ ಇದೆ. ರಿಟೈರ್ಡ್ ಮೇಷ್ಟ್ರೊಬ್ಬರದು. ಭಾನುವಾರ ಮಾತ್ರ ಗಾಡಿ ತೆಗೀತಿದ್ರು. ಹೂವಿನ ಹಾಗಿದೆ."

"ಭಾನುವಾರ ಮಾತ್ರ ಪಿಕಪ್ ಓಡಿಸೋ ಮೇಷ್ಟ್ರು, ಅದರಲ್ಲಿ ಏನು ಹೇರ್ತಿದ್ರೋ?" ಎಂದಳು ಅಕ್ಕ.

"ನಿನಗೆ ಎಲ್ಲದರಲ್ಲೂ ಅನುಮಾನ. ನಾನು ನಿನ್ನ ತಮ್ಮ ಕಣಕ್ಕ! ನಿನಗೆ ಕೆಟ್ಟದ್ದು ಕೊಡಿಸ್ತೀನಾ?"

ಗಂಡನ ಮುಖ ಅರಳಿತು. ತಾನು ತೀರ್ಮಾನ ಮಾಡಬೇಕಾದ ಕೆಲಸವನ್ನು ಬೇರೆ ಯಾರಾದರೂ ಮಾಡಿದರೆ ಆ ಮನುಷ್ಯನಿಗೆ ಹಬ್ಬ. ಅಕ್ಕನೂ ಸೋತಳು. ಲಾಡ್ಜಿನ ಮ್ಯಾನೇಜರನ ಮೂಗು ಕಣ್ಣ ಮುಂದೆ ಬರುತ್ತಿತ್ತು, ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಒಂದು ಸಲವಾದರೂ ಈ ಹುಡುಗ ಉಪಯೋಗಕ್ಕೆ ಬಂದ ಎಂದು ಹೇಳಿಕೊಳ್ಳುವ ಆಸೆ ಅವಳಿಗಿತ್ತು. ಆ ಆಸೆಯನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ. "ತಂದು ತೋರಿಸು," ಎಂದಳು.

ಇಂಜಿನ್ ಗ್ಯಾರೇಜಿಗೆ ಬಂತು. ಮೈತುಂಬ ಬೆಳ್ಳಿಬಣ್ಣ ಬಳಿದಿದ್ದರು, ಇನ್ನೂ ಪೂರ್ತಿ ಒಣಗಿರಲಿಲ್ಲ. ಅದೇ ಗಂಡಸರ ಗುಂಪು ಸುತ್ತ ನೆರೆಯಿತು. "ಶೋರೂಮಿಂದ ಬಂದ ಹಾಗಿದೆ," ಎಂದ ಟೈಲರು. ಬಣ್ಣವನ್ನೇ ಇಂಜಿನ್ ಎಂದುಕೊಂಡವನ ಹತ್ತಿರ ಊರಿನವರೆಲ್ಲ ಪ್ಯಾಂಟು ಹೊಲಿಸುತ್ತಾರೆ. ಗಂಡ ಗೋಣು ಆಡಿಸಿದ. ಮೇಸ್ತ್ರಿ ಸರಪಳಿ ತಂದು ಕೊಂಡಿಗೆ ಸಿಕ್ಕಿಸಲು ಹೋದ. ಹಸಿ ಬಣ್ಣದ ಮೇಲೆ ಸರಪಳಿ ಜಾರಿತು.

"ತಡೀರಿ ಮೇಸ್ತ್ರಿ, ಒರೆಸ್ತೀನಿ," ಎಂದು ಅಕ್ಕ ಹೆಗಲ ಮೇಲಿದ್ದ ಬಟ್ಟೆಯಿಂದ ಕೊಂಡಿಯನ್ನು ಒರೆಸಿದಳು. ಹೆಬ್ಬೆರಳಿಗೆ ಏನೋ ತಗುಲಿತು. ಇನ್ನೊಮ್ಮೆ ಒರೆಸಿದಳು. ಬೆಳ್ಳಿಬಣ್ಣದ ಕೆಳಗೆ ಒಂದರ ಪಕ್ಕ ಒಂದು, ಕೊನೆಯದು ಸ್ವಲ್ಪ ಓರೆಯಾಗಿ, ಮೂರು ಚುಕ್ಕಿ. ಹಳೆಯ ಪಿಕಪ್ಪಿಗೆ ಚುಕ್ಕಿ ಹೊಡೆದ ದಿನ ಕೊನೆಯ ಏಟಿಗೆ ಉಳಿ ಜಾರಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಕೂಗಾಡಲಿಲ್ಲ. ತಮ್ಮನ ಕೈ ಹಿಡಿದು ಅವನ ಬೆರಳನ್ನು ಕೊಂಡಿಯ ಮೇಲಿಟ್ಟಳು.

"ಇದು ಯಾವ ಮೇಷ್ಟ್ರ ಅಕ್ಷರ?"

ಸಾಹುಕಾರ ಕನ್ನಡಕ ತೆಗೆದ. ಟೈಲರಿಗೆ ಇದ್ದಕ್ಕಿದ್ದಂತೆ ಅಂಗಡಿಯಲ್ಲಿ ಕೆಲಸ ನೆನಪಾಯಿತು.

"ಹುಟ್ಟಿದಾಗಿನಿಂದ ಈ ಚುಕ್ಕಿ ನೋಡ್ಕೊಂಡು ಬೆಳೆದೋನು ನೀನು. ನಿನ್ನ ಹಾಲಿನ ಲೋಟಕ್ಕೂ ಹೊಡೆದಿದ್ದೆ. ಇದನ್ನ ಒಂದು ಸಲ ಅರ ಹಾಕಿ ಉಜ್ಜೋಕೂ ಆಗ್ಲಿಲ್ವಾ? ನಾನು ನೋಡಲ್ಲ ಅಂದ್ಕೊಂಡ್ಯಾ?"

ಅವನು ಹಲ್ಲು ಕಿರಿದ. "ನೋಡಿದ್ರೂ ನೀನೇನು ಅಂತೀಯಾ ಅಕ್ಕ... ಯಾವತ್ತೂ ನೀನೇ ತಾನೆ ಎಲ್ಲ ಸುಧಾರಿಸ್ಕೊಳ್ಳೋದು."

ಅವನು ಹುಟ್ಟಿದ ಮೇಲೆ ಹೇಳಿದ ಒಂದೇ ಒಂದು ನಿಜ ಅದು. ಸವೆದು ಸತ್ತ ಇಂಜಿನ್ನನ್ನು ಒಡಹುಟ್ಟಿದವಳ ತಲೆಗೆ ಕಟ್ಟಲು ಬಂದದ್ದಕ್ಕಿಂತ, ಗುರುತನ್ನು ಉಜ್ಜಿ ಅಳಿಸುವಷ್ಟು ಅಕ್ಕನ ಹೆದರಿಕೆಯೂ ಅವನಿಗೆ ಇರಲಿಲ್ಲವಲ್ಲ, ಅದು ಅವಳ ಎದೆಗೆ ನಾಟಿತು. ಅವಳು ಗಂಡನ ಕಡೆ ತಿರುಗಿದಳು. ಅವನು ಬಾಯಿ ತೆರೆದ.

"ನೋಡೋಣ ಅಂದ್ರೆ ನೋಡಿ," ಎಂದಳು. ಅವನು ಬಾಯಿ ಮುಚ್ಚಿದ. "ಮೇಸ್ತ್ರಿ, ನಮ್ಮದನ್ನೇ ಇಳಿಸಿ. ಬೋರ್ ಮಾಡಿಸಿ. ಎಷ್ಟು ದಿನ ಆದ್ರೂ ಪರವಾಗಿಲ್ಲ."

ಗಾಡಿ ಬರುವವರೆಗೆ ಶೀಟುಗಳು ತಳ್ಳುವ ಗಾಡಿಯಲ್ಲಿ ಹೋದವು. ಗಂಡ ಮುಂದೆ ಎಳೆದ, ಅವಳು ಹಿಂದಿನಿಂದ ತಳ್ಳಿದಳು. ಏರಿನಲ್ಲಿ ಅವನು ಪಿಕಪ್ಪಿಗಿಂತ ಜೋರಾಗಿ ಏದುಸಿರು ಬಿಟ್ಟ, ಆದರೆ ಹೊಗೆ ಬರಲಿಲ್ಲ. ಲಾಡ್ಜಿನ ಮ್ಯಾನೇಜರು ಮೂಸಿ ನೋಡಿ, ಇನ್ನೊಂದು ಸಲ ಮೂಸಿ, ಸುಮ್ಮನೆ ಒಳಗೆ ತೆಗೆದುಕೊಂಡ. ಇಂಜಿನ್ ಕೂತು ಗಾಡಿ ಮೊದಲ ಸಲ ಸ್ಟಾರ್ಟ್ ಆದ ದಿನ ಅವಳು ಸೈಲೆನ್ಸರಿನ ಹಿಂದೆ ಒಂದು ಬಿಳಿ ಶೀಟು ಹಿಡಿದು ನಿಂತಳು. ಶೀಟು ಬೆಳ್ಳಗೇ ಇತ್ತು.

ಅದೇ ವಾರ ಸಾಹುಕಾರ ಏನೂ ಆಗಿಲ್ಲ ಎಂಬಂತೆ ಮಾಸಿದ ಬಟ್ಟೆಯ ಗಂಟು ತಂದು ಎಂದಿನ ಹಾಗೆ ಇಸ್ತ್ರಿ ಮೇಜಿನ ಮೇಲೆ ಎಸೆದ.

"ಅಕ್ಕ, ಆ ನೀಲಿ ಷರಟು ನಾಳೆಗೆ ಬೇಕು."

ಅಕ್ಕ ಗಂಟು ಬಿಚ್ಚಿದಳು. ನೀಲಿ ಷರಟಿನ ಕಾಲರನ್ನು ಮಗುಚಿದಳು. ಅಲ್ಲಿ ಏನೂ ಇರಲಿಲ್ಲ. ಅವನ ಶಾಲೆಯ ಚಡ್ಡಿಯಿಂದ ಹಿಡಿದು ಇವತ್ತಿನವರೆಗೆ ಅವನ ಬಟ್ಟೆಗಳ ಮೇಲೆ ಏನೂ ಇರಲಿಲ್ಲ. ಅವಳು ಮಸಿಯ ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ನಂಬರು ಬರೆದಳು.

"ಏನಕ್ಕ ಇದು? ನನ್ನ ಬಟ್ಟೆಗೆ ಯಾಕೆ?"

"ಗಿರಾಕಿಗಳ ಬಟ್ಟೆ ಅದಲು ಬದಲಾಗಬಾರದು," ಎಂದಳು, ಮುಂದಿನ ಷರಟಿನ ಕಾಲರು ಮಗುಚುತ್ತ. "ನಾಳೆಗೆ ಆಗಲ್ಲ. ನಿಮಗಿಂತ ಮುಂಚೆ ಬಂದೋರು ಇದ್ದಾರೆ."