ಕಮಲಾಪುರದಲ್ಲಿ ನಾನು ಇಳಿಯಲಿಲ್ಲ

ಹೈದರಾಬಾದಿನ ಕಡೆ ದೊಡ್ಡ ಪಾರ್ಕಿದೆ, ನೀರಿನಾಟವಿದೆ, ಮಕ್ಕಳ ರೈಲಿದೆ, ಬೇಸಿಗೆ ರಜೆಯಲ್ಲಿ ಮನೆ ಮಂದಿಯೆಲ್ಲ ಹೋಗೋಣ ಎಂದು ಮೊದಲು ಬಾಯಿ ತೆಗೆದವಳು ನಾನೇ. ಮೊಮ್ಮಕ್ಕಳು ಮೊಬೈಲಿನಲ್ಲಿ ಅದನ್ನೇ ತೋರಿಸಿ ತೋರಿಸಿ ನನ್ನ ತಲೆ ತಿಂದಿದ್ದರು. ನನಗೆ ಮೂವರು ಗಂಡುಮಕ್ಕಳು. ಕಲಬುರಗಿಯಲ್ಲಿ, ಕೋಟನೂರಿನ ಕಡೆ, ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಒಬ್ಬಳೇ ಮಗಳನ್ನು ಕಮಲಾಪುರಕ್ಕೆ ಕೊಟ್ಟಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೂ ಮನೆಯಲ್ಲಿ ಯಾವ ತಯಾರಿ ಇದ್ದರೂ ನನ್ನ ಮಾತಿನಂತೆಯೇ ನಡೆಯುತ್ತದೆ. ಅದರ ಸೊಕ್ಕು ನನಗಿತ್ತು. ಇಲ್ಲ ಎನ್ನುವುದಿಲ್ಲ.

ಎರಡನೇ ಮಗ ಟೆಂಪೋ ಗೊತ್ತು ಮಾಡಿದ. ಡ್ರೈವರನನ್ನು ಬಿಟ್ಟು ಹದಿನೇಳು ಸೀಟು. ಮಕ್ಕಳು ಸೊಸೆಯಂದಿರು ಆರು ಮಂದಿ, ಅವರ ಮಕ್ಕಳು ಆರು, ನಾನೊಬ್ಬಳು, ಕಮಲಾಪುರದಿಂದ ಮಗಳು, ಅಳಿಯ, ಅವರ ಇಬ್ಬರು ಮಕ್ಕಳು. ಸರಿಯಾಗಿ ಹದಿನೇಳು. ಹೈದರಾಬಾದಿನ ದಾರಿಯಲ್ಲೇ ಕಮಲಾಪುರ ಬರುತ್ತದೆ, ಅವರು ಅಲ್ಲಿ ಹತ್ತುವುದು. ಸಣ್ಣವರನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಇನ್ನೂ ನಾಲ್ಕು ಜನ ಹಿಡಿಯುತ್ತಾರಲ್ಲ ಎಂದೆ.

"ಅವ್ವ, ಇದೇನ್ ಟಂಟಂ ಆಟೋ ಅಲ್ಲ," ಎಂದ ಮಗ. "ಗಡಿಯಾಗ ಚೆಕಿಂಗ್ ಅದ. ಕೂಸಾದ್ರೂ ಒಂದ ಸೀಟ್ ಬೇಕಂತ. ಡ್ರೈವರ್ ಮೊದ್ಲೇ ಹೇಳ್ಯಾನ, ಒಬ್ರು ಹೆಚ್ಚಾದ್ರೂ ಗಾಡಿ ತಗ್ಯಂಗಿಲ್ಲ ಅಂತ."

ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಮಲಾಪುರಕ್ಕೆ ಹೋದೆ.

ಕೊಟ್ಟ ಮಗಳನ್ನು ಎಲ್ಲಿಗೆ ಕರೆಯಬೇಕಾದರೂ ಹಿರಿಯರು ಮನೆಗೆ ಹೋಗಿ ಕರೆಯಬೇಕು, ಫೋನಿನಲ್ಲಿ ಕರೆದರೆ ಬೀಗರು ಮುಖ ಸಿಂಡರಿಸುತ್ತಾರೆ. ಬಸ್ಸು ಹತ್ತಿ ಹೋದೆ. ಮಗಳು ಮತ್ತು ಅವಳ ನೆಗೆಣ್ಣಿ, ಅಂದರೆ ಅಳಿಯನ ತಮ್ಮನ ಹೆಂಡತಿ, ಇಬ್ಬರದೂ ಕೂಡಿದ ಸಂಸಾರ. ನೆಗೆಣ್ಣಿಗೆ ಒಂದೇ ಹೆಣ್ಣು ಕೂಸು, ಆರು ವರ್ಷದ್ದು. ಅವಳ ಗಂಡ ಲಾರಿಯ ಮೇಲೆ ಹೋಗುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಆ ಕೂಸನ್ನು ಯಾರೂ ಎಲ್ಲಿಗೂ ಕರೆದೊಯ್ದದ್ದಿಲ್ಲ.

ನೆಗೆಣ್ಣಿ ಬಾಳೆಹಣ್ಣು ತಂದಿಟ್ಟಳು, ಚಹಾ ಕೊಟ್ಟಳು. ಒಬ್ಬರ ಮುಂದೆ ಇನ್ನೊಬ್ಬರನ್ನು ಕರೆದು ಎದುರಿಗಿದ್ದವರನ್ನು ಬಿಡುವುದು ನಮ್ಮಲ್ಲಿ ಚೆನ್ನಾಗಿರುವುದಿಲ್ಲ. ಕರೆಯುವವರು ಕರೆಯುತ್ತಾರೆ, ಅವರು ಬೇಡವೆನ್ನುತ್ತಾರೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

"ನೀನೂ ಬಾ ಯವ್ವ, ಕೂಸಿಗಿ ಕರಕೊಂಡ ಬಾ," ಎಂದೆ.

"ಇರ್ಲಿ ಬಿಡ್ರಿ ಅಮ್ಮಾರ, ಮನ್ಯಾಗ ಎಮ್ಮಿ ಅವ. ನೀವ್ ಹೋಗಿ ಬರ್ರಿ."

"ನೀ ಬರದಿದ್ರ ಕೂಸಿಗಾದ್ರೂ ಕಳಸು."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬಾಗಿಲ ಹಿಂದಿನಿಂದ ಕೂಸು ಬಂದು ನನ್ನ ಎದುರು ನಿಂತಿತು.

"ಖರೇನ ಆಯಿ? ನನ್ನೂ ಒಯ್ತಿ?"

"ಖರೇನ," ಎಂದೆ. "ನಿನ್ನ ಬಿಟ್ಟ ಹೋಗ್ತೀನೇನ?"

ಅದು ನನ್ನ ಮುಖವನ್ನೇ ನೋಡುತ್ತಿತ್ತು. ದೊಡ್ಡವರಿಗೆ ಹೇಳುವ ಸುಳ್ಳನ್ನೇ ಅದಕ್ಕೂ ಹೇಳಿದೆ. ದೊಡ್ಡವರಿಗೆ ಅದು ಸುಳ್ಳೆಂದು ತಿಳಿಯುತ್ತದೆ, ಕೂಸಿಗೆ ತಿಳಿಯುವುದಿಲ್ಲ. ಇಷ್ಟು ಮಕ್ಕಳನ್ನು ಸಾಕಿದವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮನೆಗೆ ಬಂದು ತಯಾರಿಯಲ್ಲಿ ಮುಳುಗಿದೆ. ಸೊಸೆಯಂದಿರು ರೊಟ್ಟಿ ಬಡಿದರು, ಶೇಂಗಾ ಹಿಂಡಿ ಕುಟ್ಟಿದರು. ಪ್ರತಿ ಕೂಸಿಗೂ ಎರಡು ಜೊತೆ ಬಟ್ಟೆ, ಒಂದು ಟವೆಲ್ಲು ಎಂದು ನಾನೇ ಎಣಿಸಿ ಇಟ್ಟೆ. ಹೊರಡಲು ಎರಡು ದಿನ ಇದ್ದಾಗ ಮಗಳ ಫೋನು ಬಂತು.

"ಅವ್ವ, ಆ ಕೂಸು ಓಣಿಗೆಲ್ಲಾ ಹೇಳಿ ಬಂದದ. ಅವ್ರವ್ವ ಹೊಸಾ ಚಡ್ಡಿ, ಟೊಪಿಗಿ ತಂದಾಳ. ಸೀಟ್ ಅದ ಇಲ್ಲ?"

"ಇಲ್ಲ."

"ಮತ್ಯಾಕ ಕರದಿ?"

"ಕರೀಲಿಲ್ಲಂದ್ರ ನಿನಗ ಮಾತಾಡ್ತಾರಂತ ಕರದೆ."

"ಈಗೇನ್ ಹೇಳ್ಲಿ ನಾ?"

"ಏನೂ ಹೇಳಬ್ಯಾಡ. ಮುಂಜಾನಿ ಜಲ್ದಿ ಬರ್ತೀವಿ. ಕೂಸು ಮಲ್ಕೊಂಡಿರ್ತದ. ಎದ್ದ ಮ್ಯಾಲ ಮರತ ಹೋಗ್ತದ."

ಏಳಕ್ಕೆ ಹೊರಡುವುದೆಂದು ಇತ್ತು. ನಾಲ್ಕೂವರೆಗೇ ಹೊರಡಬೇಕೆಂದು ಹಟ ಹಿಡಿದೆ. ಬಿಸಿಲೇರುವ ಮೊದಲು ಹುಮನಾಬಾದ ದಾಟಬೇಕು, ಮಕ್ಕಳು ದಾರಿಯಲ್ಲಿ ನಿದ್ದೆ ಮಾಡುತ್ತಾರೆ, ಪಾರ್ಕಿನ ಬಾಗಿಲು ತೆಗೆಯುವಷ್ಟರಲ್ಲಿ ಮುಟ್ಟುತ್ತೇವೆ ಎಂದೆ. "ಅವ್ವನ ತಲಿಗಿ ನಮ್ಮ ಆಫೀಸ್ನಾಗ ಕೆಲಸ ಕೊಡಬೇಕು," ಎಂದು ದೊಡ್ಡ ಮಗ ನಕ್ಕ. ಆರು ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಿ, ಅಳಿಸಿ, ಮುಖ ತೊಳೆಸಿ ಗಾಡಿಗೆ ತುಂಬಿದೆವು. ಒಂದು ಕೂಸಿನ ಕಣ್ಣು ತಪ್ಪಿಸಲು ಇಷ್ಟೆಲ್ಲ ನಡೆದಿದೆ ಎಂದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಕಮಲಾಪುರ ಮುಟ್ಟಿದಾಗ ಮೂಡಣದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಮಗಳ ಮನೆ ರಸ್ತೆಗೆ ಹತ್ತಿ ಇದೆ. ಕಟ್ಟೆಯ ಮೇಲೆ ಕೂಸು ಕುಳಿತಿತ್ತು. ಜಳಕ ಮಾಡಿ, ಎಣ್ಣೆ ಹಚ್ಚಿ ಹೆರಳು ಹಾಕಿಸಿಕೊಂಡು, ತಲೆಯ ಮೇಲೆ ಟೊಪ್ಪಿಗೆ. ರಾತ್ರಿಯೆಲ್ಲ ಮಲಗಿಲ್ಲವೆಂದು ಆಮೇಲೆ ಅಳಿಯ ಹೇಳಿದ.

ನಾನು ಡ್ರೈವರನ ಪಕ್ಕ, ಕಿಟಕಿಯ ಕಡೆ ಕುಳಿತಿದ್ದೆ. ಮಗಳು, ಅಳಿಯ, ಅವರ ಇಬ್ಬರು ಮಕ್ಕಳು ಹತ್ತಿದರು. ಅವರ ಹಿಂದೆಯೇ ಕೂಸು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿತು.

"ಅವ್ವ, ಈ ಕೂಸು?" ಎಂದು ಎರಡನೇ ಮಗ ಕೇಳಿದ. ಅವನಿಗೇನೂ ಗೊತ್ತಿಲ್ಲ.

ಮಗಳು ಹಿಂದಿನ ಸೀಟಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಜಾಗ ಇಲ್ಲವ್ವ. ಇನ್ನೊಮ್ಮಿ ಹೋಗಮು."

"ನಾ ಕೆಳಗ ಕುಂದ್ರತೀನಿ," ಎಂದಿತು ಕೂಸು. "ಚೀಲದ ಬಾಜೂಕ."

"ಆಗಂಗಿಲ್ಲಮ್ಮ," ಎಂದ ಡ್ರೈವರ್. ಅವನ ದನಿಯಲ್ಲಿ ನನ್ನದಕ್ಕಿಂತ ಹೆಚ್ಚು ಕಕ್ಕುಲಾತಿ ಇತ್ತು.

ನೆಗೆಣ್ಣಿ ಬಾಗಿಲಿನಿಂದ ಬಂದಳು. ನನ್ನನ್ನು ನೋಡಲಿಲ್ಲ. ಕೂಸಿನ ಕೈ ಹಿಡಿದು ಕೆಳಗಿಳಿಸಿದಳು. ಕೂಸು ಅಳಲೂ ಇಲ್ಲ. ಅತ್ತಿದ್ದರೆ ಬೈದಾದರೂ ಬಿಡುತ್ತಿದ್ದೆ.

ಇಳಿದುಬಿಡಬೇಕು ಎಂದು ನನಗೆ ಆಗಲೇ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನಾನು ನೀರಿಗಿಳಿಯುವವಳಲ್ಲ, ಮಂಡಿ ನೋವು, ಮೆಟ್ಟಿಲು ಹತ್ತಲು ಬರುವುದಿಲ್ಲ. ನನ್ನ ಸೀಟು ಕೊಟ್ಟು ಅಲ್ಲೇ ಮಗಳ ಮನೆಯಲ್ಲಿ ಒಂದು ದಿನ ಇದ್ದರೆ ಮುಗಿದಿತ್ತು. ಆದರೆ ಇಳಿದರೆ ಗಂಡುಮಕ್ಕಳು ಯಾಕೆಂದು ಕೇಳುತ್ತಿದ್ದರು. ಜಾಗವಿಲ್ಲದೆ ಯಾಕೆ ಕರೆದೆ ಎನ್ನುತ್ತಿದ್ದರು. ಹೊತ್ತಿಗೆ ಮುಂಚೆ ಹೊರಡಿಸಿದ ಗುಟ್ಟು ಸೊಸೆಯಂದಿರ ಮುಂದೆ ಬಯಲಾಗುತ್ತಿತ್ತು. ಬಾಗಿಲು ಹಾಕುವಷ್ಟು ಹೊತ್ತು ಯೋಚಿಸಿದೆ. ಡ್ರೈವರ್ ಬಾಗಿಲು ಹಾಕಿದ.

ಪಾರ್ಕಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಸಿಮೆಂಟಿನ ಬೆಂಚಿನ ಮೇಲೆ ಚೀಲಗಳ ನಡುವೆ ಕುಳಿತೆ. ಮೊಮ್ಮಕ್ಕಳು ತೊಯ್ದುಕೊಂಡು ಬರುತ್ತಿದ್ದರು, ನಡುಗುತ್ತ ಟವೆಲ್ಲು ಕೇಳುತ್ತಿದ್ದರು, ಮತ್ತೆ ಓಡುತ್ತಿದ್ದರು. ಎಲ್ಲರೂ ಖುಷಿಯಾಗಿದ್ದರು. ಮಗಳು ಮಾತ್ರ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಊಟದ ಹೊತ್ತಿಗೆ ತನ್ನ ಮಗನಿಗೆ ಹೇಳಿದಳು, "ನಿಮ್ಮ ಆಯಿಗಿ ಕೇಳು, ಕುಂತಲ್ಲೇ ಆಟ ಚಂದ ಕಾಣ್ತದೇನಂತ." ಹುಡುಗ ನಿಜವಾಗಿಯೂ ಬಂದು ಕೇಳಿದ. ಕಾಣ್ತದಪ್ಪ ಎಂದೆ.

ಎಂಟು ದಿನ ಬಿಟ್ಟು ಒಬ್ಬಳೇ ಕಮಲಾಪುರಕ್ಕೆ ಹೋದೆ. ಮಗಳಿಗೂ ತಿಳಿಸಿರಲಿಲ್ಲ. ಹೆಣ್ಣು ಕೊಟ್ಟವರು ಬೀಗರ ಮನೆಯ ಸಣ್ಣ ಸೊಸೆಗೆ ತಪ್ಪಾಯಿತೆಂದು ಹೇಳುವುದು ನಮ್ಮಲ್ಲಿಲ್ಲ. ಆದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದೆ. ನೆಗೆಣ್ಣಿ ಹಿಟ್ಟು ನಾದುತ್ತಿದ್ದಳು.

"ನನಗ್ಯಾಕ ಹೇಳ್ತೀರಿ ಅಮ್ಮಾರ? ನಾ ನಿಮ್ಮ ಮಾತ ನಂಬಿದ್ದಿಲ್ಲ. ಹೊಸಾ ಚಡ್ಡಿ ಅದರ ಸಮಾಧಾನಕ್ಕ ತಂದಿದ್ದೆ. ನಂಬಿದಾಕಿ ಹಿತ್ಲಾಗ ಅದಾಳ. ಹೋಗಿ ಹೇಳ್ರಿ."

ಹಿತ್ತಲಿಗೆ ಹೋದೆ. ಕೂಸು ಎಮ್ಮೆಯ ಕರುವಿಗೆ ಹುಲ್ಲು ತಿನ್ನಿಸುತ್ತಿತ್ತು. ನಾನು ಕಲ್ಲಿನ ಮೇಲೆ ಕುಳಿತೆ.

"ನಾ ನಿನಗ ಸುಳ್ಳ ಹೇಳಿದ್ದೆ," ಎಂದೆ. "ಕರಿಯುವಾಗ್ಲೇ ಜಾಗ ಇದ್ದಿದ್ದಿಲ್ಲ."

ಅದು ಹುಲ್ಲು ಕೊಡುತ್ತಲೇ ಇತ್ತು. ಹಾಗೆಯೇ ಕೇಳಿತು, "ಆಯಿ, ನೀ ಜಾರಗುಂಡಿ ಮ್ಯಾಲಿಂದ ನೀರಾಗ ಬಿದ್ದೇನ?"

"ಇಲ್ಲ."

"ರೈಲ್ ಹತ್ತಿದೇನ?"

"ಇಲ್ಲವ್ವ. ಚೀಲ ಕಾಯ್ಕೋತ ಕುಂತಿದ್ದೆ."

"ಮತ್ಯಾಕ ಹೋಗಿದ್ದಿ?"

ಕೊಂಕಿನಿಂದ ಕೇಳಲಿಲ್ಲ, ಗೊತ್ತಾಗದೆ ಕೇಳಿತು. ಅಂಜಿದ್ದೆ ಎಂದೆ. ಯಾರಿಗೆ ಎಂದಿತು. ನನ್ನ ಮಕ್ಕಳಿಗೆ ಎಂದೆ. ಅದಕ್ಕೆ ನಗು ಬಂತು. ಅಷ್ಟು ದೊಡ್ಡ ಆಯಿ ತನ್ನ ಮಕ್ಕಳಿಗೆ ಅಂಜುವುದು ಅದಕ್ಕೆ ಚೇಷ್ಟೆಯಂತೆ ಕಂಡಿರಬೇಕು.

ಒಳಗೆ ಬಂದು ನೆಗೆಣ್ಣಿಗೆ ಹೇಳಿದೆ, "ಮುಂದಿನ ಐತಾರ ನಾನೂ ಕೂಸೂ ಇಬ್ಬರೇ ಹೋಗ್ತೀವಿ. ಬಸ್ಸಿನಾಗ. ಟಿಕೆಟ್ ಇವತ್ತೇ ತೆಗಸ್ತೀನಿ. ಕಳಸು."

ಅವಳು ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಂಡು ನನ್ನ ಕಡೆ ತಿರುಗಿದಳು.

"ಇಲ್ರಿ. ನಿಮ್ಮ ಜೋಡಿ ಕಳಸಂಗಿಲ್ಲ."

ನೋಡೋಣ ಎನ್ನಲಿಲ್ಲ, ಎಮ್ಮೆಯ ನೆವ ಹೇಳಲಿಲ್ಲ. ಆ ಮನೆಯಲ್ಲಿ ಅಷ್ಟು ನೇರವಾದ ‘ಇಲ್ಲ’ವನ್ನು ನಾನು ಅದೇ ಮೊದಲು ಕೇಳಿದ್ದು. ಅವಳು ರೊಟ್ಟಿ ಬಡಿಯಲು ಕುಳಿತಳು. ನಾನು ಚಪ್ಪಲಿ ಮೆಟ್ಟಿಕೊಂಡು ಕಲಬುರಗಿಯ ಬಸ್ಸಿಗೆ ನಿಂತೆ. ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇದ್ದವು. ಮನೆಗೆ ಬಂದು, ಸೊಸೆಯಂದಿರೂ ಇರುವಾಗಲೇ, ಮೂವರು ಮಕ್ಕಳನ್ನು ಕೂರಿಸಿಕೊಂಡು ಆದದ್ದನ್ನೆಲ್ಲ ಹೇಳಿದೆ. ಯಾರೂ ಬೈಯಲಿಲ್ಲ. ನನ್ನ ಸಣ್ಣ ಸೊಸೆ ತಾಟಿಗೆ ಅನ್ನ ಬಡಿಸಿ ಒಳಗೆ ಹೋದಳು.