ಮೇಣ ಹಚ್ಚಿದ ಬಾಣಗಳು

ತಾರಮಂಗಲಂನಲ್ಲಿ ನಮ್ಮ ಮಗ್ಗಕ್ಕೆ ಲಾಳಿ ಮಾಡಿಕೊಡುತ್ತಿದ್ದ ತಾತ ಏನು ಕೇಳಿದರೂ "ವಸಿ ತಾಳಮ್ಮಾ" ಅನ್ನುತ್ತಿದ್ದ. ಏರ್ಕಾಡಿನ ಬಿಲ್ಲುಗಾರಿಕೆ ಸ್ಪರ್ಧೆಗೆ ನನ್ನ ಮರದ ಬಾಣಗಳನ್ನೂ ಅವನೇ ಕೆತ್ತಿದ್ದ. ಅಲ್ಲಿನ ಮಂಜಿಗೆ ಮರ ತೇವ ಹೀರಿ ಡೊಂಕಾದೀತೆಂದು ವಾರ್ನಿಷ್ ಬಳಿದಿದ್ದ. ಹೊರಡುವ ಹಿಂದಿನ ದಿನವೂ ಅದು ಕೈಗೆ ಅಂಟುತ್ತಿತ್ತು.

"ಇದು ಬ್ಯಾಡ, ಮೇಣ ಆಕ್ತೀನಿ" ಎಂದು ಎಲ್ಲವನ್ನೂ ತಿನ್ನರ್‌ನಲ್ಲಿ ಒರೆಸಿಬಿಟ್ಟ.

"ಮಂಜು ತಡೀತದಾ, ತಾತಾ?"

"ಲಾಳಿಗೆ ಆಕಿದ್ದೀನಿ. ಬಾಣಕ್ಕೆ ಆಕಿಲ್ಲ." ಬಟ್ಟೆ ಬಿಸಿಯಾಗುವಷ್ಟು ಜೇನುಮೇಣ ಉಜ್ಜಿದ.

ಮರುದಿನ ನನ್ನ ಜೊತೆ ತಾನೂ ಬಸ್ಸು ಹತ್ತಿದ. ಮೈದಾನದ ತುಂಬ ಮಂಜು. ನನ್ನ ಮೊದಲ ಬಾಣ ಗುರಿಹಲಗೆಯ ಅಂಚಿಗೆ ನಾಟಿತು. ಎಲ್ಲರೂ ಬಿಲ್ಲು ಇಳಿಸಿದ ಮೇಲೆ ತಾತ ಹೋಗಿ ಅದನ್ನು ಕಿತ್ತು, ಕಣ್ಣಿನ ನೇರಕ್ಕೆ ಹಿಡಿದ.

"ನೆಟ್ಟಗೈತೆ" ಅಂದವನು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕುಳಿತುಬಿಟ್ಟ.