ಮೇಲಿನ ಬ್ರಾಂಚು

ನಮ್ಮ ಏಣಿ ಅಂಗಡಿಯ ವೆಬ್‌ಸೈಟಿಗೆ ವಯಸ್ಸಾಗಿದೆ ಎಂಬ ಅನುಮಾನ ನನಗೆ ಮೊದಲು ಬಂದದ್ದು, ಪೊನ್ನಂಪೇಟೆ ಕಡೆಯ ತೋಟದ ಮಾಲೀಕರೊಬ್ಬರು ನನ್ನೆದುರಿಗೇ ನಿಂತು ನನ್ನನ್ನು ಹುಡುಕಿದಾಗ.

"ವೆಬ್‌ಸೈಟಲ್ಲಿ ಇದ್ದಾರಲ್ಲ, ಏಣಿ ಮೇಲೆ ನಿಂತು ನಗ್ತಾ ಇರೋರು, ಅವ್ರನ್ನ ಸ್ವಲ್ಪ ಕರೀರಿ" ಎಂದರು ಆಕೆ.

"ಅದು ನಾನೇ ಮೇಡಂ."

ಆಕೆ ಫೋನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು. "ನಿಮಗೆ ತಮ್ಮ ಯಾರೂ ಇಲ್ವಾ?"

ಆ ಫೋಟೋದಲ್ಲಿರುವವನಿಗೆ ತಲೆತುಂಬ ಕೂದಲಿದೆ, ಹೊಟ್ಟೆಯಿಲ್ಲ. ನನ್ನಲ್ಲಿ ಈಗ ಆ ಏರ್ಪಾಟು ಅದಲುಬದಲಾಗಿದೆ. ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳಿಸಿತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಕೆ ಬಂದದ್ದು ರಸ್ತೆಯ ಕಡೆಯಿಂದಲ್ಲ, ಹಿತ್ತಲಿನ ಗುಡ್ಡ ಇಳಿದು. ಕೈಯಲ್ಲಿ ಸೂಜಿಮೆಣಸಿನ ಉಪ್ಪಿನಕಾಯಿ ಬಾಟಲಿ ಬೇರೆ.

"ನಿಮ್ಮ ಮೇಲಿನ ಬ್ರಾಂಚಲ್ಲಿ ಕಾಫಿ ಚೆನ್ನಾಗಿ ಕೊಟ್ರು. ಆದ್ರೆ ಏಣಿಯೆಲ್ಲ ಕೆಳಗಿದೆ, ಜೀಪ್ ಇಲ್ಲೇ ಬಿಟ್ಟು ಇಳೀರಿ ಅಂದ್ರು. ಇದೇನು ನಿಮ್ಮ ಸಿಸ್ಟಮ್ಮು?"

ನಮಗೆ ಮೇಲಿನ ಬ್ರಾಂಚಿಲ್ಲ. ಇರುವ ಕೆಳಗಿನದೇ ಏದುಸಿರು ಬಿಡುತ್ತಾ ನಡೆಯುತ್ತಿದೆ.

ನಾವು ಹಾಸನದ ಕಡೆಯವರು. ತಾತನ ಕಾಲದಲ್ಲಿ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ನನ್ನ ಅಂಗಡಿ ಇರುವುದು ಕುಶಾಲನಗರದಿಂದ ಹಾರಂಗಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಒಂದು ಗುಡ್ಡದ ಬುಡದಲ್ಲಿ. ತೋಟಗಳಲ್ಲಿ ಕಾಳುಮೆಣಸು ಕೊಯ್ಯುವುದಕ್ಕೆ, ನೆರಳಿನ ಮರ ಸವರುವುದಕ್ಕೆ ಬೇಕಾದ ಏಣಿ ಮಾಡಿ ಮಾರುತ್ತೇನೆ. ಮೊದಲು ಬಿದಿರಿನದು ಮಾಡುತ್ತಿದ್ದೆ, ಈಗ ಅಲ್ಯೂಮಿನಿಯಂ. ನನ್ನಂಥ ಚಿಂತೆಯ ಪ್ರಾಣಿ ಮಾಡಬಾರದ ವ್ಯಾಪಾರ ಇದು. ಕೊಯ್ಲು ಶುರುವಾಯಿತೆಂದರೆ ನಾನು ಮಾರಿದ ಏಣಿಗಳ ಮೇಲೆ ಎಷ್ಟು ಜನ ನಿಂತಿದ್ದಾರೋ ಎಂದು ಲೆಕ್ಕ ಹಾಕುತ್ತ ಕೂರುತ್ತೇನೆ. ಕೊಂಡವರಿಗೆ ಫೋನು ಮಾಡಿ, ಏಣಿ ಗಟ್ಟಿಯಾಗಿದೆಯೇ ಎಂದು ವಿಚಾರಿಸುತ್ತೇನೆ. ಸುಂಟಿಕೊಪ್ಪದ ಕಡೆಯವರೊಬ್ಬರು, "ಏಣಿ ಗಟ್ಟಿಯಾಗೇ ಇತ್ತು ಮಾರಾಯ್ರೆ, ನಿಮ್ಮ ಫೋನ್ ತೆಗೆಯೋಕೆ ಹೋಗಿ ಈಗ ನಾನೇ ಬೀಳ್ತಿದ್ದೆ" ಎಂದು ಬೈದ ಮೇಲೆ ಫೋನನ್ನು ಸಂಜೆಗೆ ಮುಂದೂಡಿದ್ದೇನೆ.

ಇಷ್ಟೆಲ್ಲ ಚಿಂತೆ ಮಾಡುವವನು ವೆಬ್‌ಸೈಟಿನ ಬಗ್ಗೆ ಮಾತ್ರ ನಿಶ್ಚಿಂತನಾಗಿದ್ದೆ. ಅಂಗಡಿ ಬೋರ್ಡಿದ್ದಂತೆ ಅದು, ಒಂದು ಸಲ ಬರೆಸಿದರಾಯಿತು, ಬಿದ್ದುಹೋಗುವವರೆಗೆ ಇರುತ್ತದೆ ಎಂದುಕೊಂಡಿದ್ದೆ. ಅದೂ ಬಿದ್ದಿರಲಿಲ್ಲ. ತೆರೆದರೆ ತೆರೆದುಕೊಳ್ಳುತ್ತಿತ್ತು. ನಾನು ಮಾಡುವುದನ್ನೇ ಬಿಟ್ಟ ಬಿದಿರು ಏಣಿಯ ಪಕ್ಕದಲ್ಲಿ 'ಹೊಸತು' ಎಂಬ ಕೆಂಪು ಅಕ್ಷರ ವರ್ಷಗಟ್ಟಲೆ ಮಿಣುಕುತ್ತಲೇ ಇತ್ತು.

ಅದನ್ನು ಮಾಡಿಕೊಟ್ಟವನು ನನ್ನ ಷಡ್ಡಕ. ಕುಶಾಲನಗರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. ಆಗ ನಮ್ಮ ಅಂಗಡಿಯಲ್ಲಿ ಫೋನಿಗೆ ರೇಂಜ್ ಸಿಗುತ್ತಿರಲಿಲ್ಲ, ಈಗಲೂ ಅದಕ್ಕೆ ಮನಸ್ಸಿದ್ದರಷ್ಟೇ ಸಿಗುತ್ತದೆ. ಹಾಗಾಗಿ ರೇಂಜ್ ಬೇಕಾದವರೆಲ್ಲ ಮಾಡುವಂತೆ ನಾವೂ ಗುಡ್ಡ ಹತ್ತಿ ಅಕ್ಕನ ಅಂಗಳದಲ್ಲಿ ಹಲಸಿನ ಮರದಡಿ ಕೂತೆವು. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ. ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸಕ್ಕೆ ಹೋಗುತ್ತಿದ್ದವರು, ಮಂಡಿ ಕೈಕೊಟ್ಟು ಆಗಷ್ಟೇ ಬಿಟ್ಟಿದ್ದರು. ಕಾಫಿ ಕೊಟ್ಟರು. ಷಡ್ಡಕ ಲ್ಯಾಪ್‌ಟಾಪಿನಲ್ಲಿ ಫೋಟೋ ಹಾಕಿದ, ಹೆಸರು ಹಾಕಿದ. ಕೊನೆಗೆ ನನ್ನ ಫೋನಿನಲ್ಲಿ ಮ್ಯಾಪು ಒಂದು ಪ್ರಶ್ನೆ ಕೇಳಿತು: ನೀವೀಗ ನಿಮ್ಮ ಅಂಗಡಿಯಲ್ಲಿದ್ದೀರಾ? ಕಾಫಿ ಆರುತ್ತಿತ್ತು. 'ಹೌದು' ಎಂದು ಒತ್ತಿದೆ.

ಅಂದಿನಿಂದ ಮ್ಯಾಪು ನಂಬಿ ಬಂದವರೆಲ್ಲ ಅಕ್ಕನ ಅಂಗಳದಲ್ಲಿ ಇಳಿದಿದ್ದಾರೆ. ಗಿರಾಕಿಗಳು ಬೆವರುತ್ತ ಹಿತ್ತಲಿನಿಂದ ಏಕೆ ಬರುತ್ತಾರೆ ಎಂದು ನಾನೂ ಯೋಚಿಸಿದ್ದುಂಟು. ತೋಟದವರಿಗೆ ಕಾಲುದಾರಿ ಅಭ್ಯಾಸವಾಗಿರಬೇಕು ಎಂದುಕೊಂಡು ಸಮಾಧಾನಪಟ್ಟಿದ್ದೆ.

ಪೊನ್ನಂಪೇಟೆಯ ಮೇಡಂ ಏಣಿಗಳನ್ನು ಒಂದೊಂದಾಗಿ ನೋಡಿದರು. ನಾನು ಗೋಡೆಗೆ ಒರಗಿಸಿಟ್ಟಿದ್ದ ಒಂದನ್ನು ತೋರಿಸಿ, "ಹತ್ತಿ ನೋಡಿ ಮೇಡಂ, ಅಲ್ಲಾಡೋದೇ ಇಲ್ಲ" ಎಂದೆ.

"ಗೋಡೆ ಮೇಲೆ ಮೆಣಸು ಬೆಳೀತದಾ? ಮರಕ್ಕೆ ಇಟ್ಟು ತೋರಿಸಿ."

ಅಂಗಡಿಯ ಸುತ್ತ ಇರುವುದು ಕಾಂಕ್ರೀಟು ಮತ್ತು ಒಂದು ಕರಿಬೇವಿನ ಗಿಡ. ಮೆಣಸು ಹಬ್ಬಿದ ಸಿಲ್ವರ್ ಓಕ್ ಬೇಕೆಂದರೆ ಅಕ್ಕನ ಅಂಗಳಕ್ಕೇ ಹೋಗಬೇಕು. ಏಣಿ ಹೊತ್ತು ಹತ್ತಿದೆ. ಎರಡು ಕಡೆ ನಿಂತು ಸುಧಾರಿಸಿಕೊಂಡೆ. ಮೇಡಂ ಮಾತ್ರ ಮುಂದೆ ಹೋಗಿ ಎರಡನೆಯ ಕಾಫಿ ಕುಡಿಯುತ್ತಿದ್ದರು.

ಏಣಿಯನ್ನು ಮರಕ್ಕೆ ಇಟ್ಟಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಬುಡ ಹಿಡಿದರು. "ಹತ್ತಿ ಅಮ್ಮ, ಹೆದರ್ಬ್ಯಾಡಿ. ಈ ವಯ್ಯ ಬಿದ್ರೂ ಈ ವಯ್ಯನ ಏಣಿ ಬೀಳಕಿಲ್ಲ."

ಮೇಡಂ ಮೇಲಿನ ಮೆಟ್ಟಿಲಿನವರೆಗೂ ಹೋಗಿ, ಒಂದು ಮೆಣಸಿನ ಗೊಂಚಲು ಕಿತ್ತು, ನಗುತ್ತ ಇಳಿದರು. ತೋಟಕ್ಕೆ ಬೇಕಾದ ಏಣಿಗಳಿಗೆ ಅಲ್ಲೇ ಆರ್ಡರ್ ಕೊಟ್ಟರು. ಜೀಪು ಹತ್ತುವಾಗ, "ಮೇಲಿನ ಬ್ರಾಂಚೇ ವಾಸಿ" ಎಂದೂ ಹೇಳಿದರು.

ನಾನು ಏಣಿಯನ್ನು ಮತ್ತೆ ಹೊತ್ತು ಇಳಿಸುವ ಶಕ್ತಿಯಿಲ್ಲದೆ ಅಲ್ಲೇ ಬಿಟ್ಟು ಬಂದೆ.

ಮನೆಗೆ ಬಂದ ಮೇಲೆ ಹೆಂಡತಿ ತೀರ್ಪು ಕೊಟ್ಟಳು. "ಅಲ್ಲಾ ರೀ, ಇಲ್ಲದ ಏಣಿ ಇದೆ ಅನ್ನುತ್ತೆ, ಇಲ್ಲದ ಕೂದಲು ಇದೆ ಅನ್ನುತ್ತೆ. ಇನ್ನೇನು ಆಗ್ಬೇಕು? ಹೊಸದು ಮಾಡ್ಸಿ." ಷಡ್ಡಕನನ್ನು ಕರೆಸಿದೆವು. ಅವನು ತಾನೇ ಮಾಡಿದ್ದನ್ನು ನೋಡಿ, "ಛೆ, ಇದನ್ನ ಯಾರು ಅಣ್ಣ ಮಾಡಿದ್ದು?" ಎಂದ. ಆಮೇಲೆ ನೆನಪಾಗಿ ಕೆಮ್ಮಿದ. ಹಳೆಯದರಲ್ಲಿ ಸರಿಯಾಗಿದ್ದದ್ದು ಫೋನ್ ನಂಬರೊಂದೇ. "ಮೊದಲು ಆ ಮ್ಯಾಪಿನ ಗುರುತು ಕೆಳಗಿಳಿಸೋಣ. ಅರ್ಧ ಗಿರಾಕಿಗಳು ಅಲ್ಲಿಂದಲೇ ವಾಪಸ್ ಹೋಗಿರ್ತಾರೆ."

ಸರಿ ಎಂದುಬಿಟ್ಟೆ. ಆಮೇಲೆ ಕಣ್ಣ ಮುಂದೆ ಬಂದದ್ದು ಅಕ್ಕನ ಜಗಲಿ. ಅಲ್ಲಿ ಮಾರಲು ಸಾಲಾಗಿ ಇಟ್ಟಿದ್ದ ಉಪ್ಪಿನಕಾಯಿ ಬಾಟಲಿಗಳು. ಆ ಮಂಡಿಯಲ್ಲಿ ಅಕ್ಕ ಸಂತೆಗೆ ಹೊತ್ತು ಹೋಗಲಾರರು. ಅವರ ವ್ಯಾಪಾರವೆಲ್ಲ ದಾರಿತಪ್ಪಿ ಬಂದ ನನ್ನ ಗಿರಾಕಿಗಳಿಂದಲೇ. ನಾನು ಗುರುತು ಸರಿಮಾಡಿದ ದಿನ ಆ ಅಂಗಳಕ್ಕೆ ಯಾರೂ ಬರುವುದಿಲ್ಲ. "ಮ್ಯಾಪು ಆಮೇಲೆ ನೋಡೋಣ" ಎಂದೆ. ಷಡ್ಡಕ ನನ್ನ ಹೆಂಡತಿಯ ಮುಖ ನೋಡಿದ. "ಶುರುವಾಯ್ತು ಇವರಿಗೆ" ಎಂದಳು ಅವಳು.

ಹೇಳದೆ ಮಾಡುವುದು ಸರಿಯಲ್ಲವೆಂದು ಗುಡ್ಡ ಹತ್ತಿದೆ. ಅಕ್ಕ ಒಲೆಯ ಮುಂದೆ ಮಸಾಲೆ ಹುರಿಯುತ್ತಿದ್ದರು. ಮಳೆಯ ಬಗ್ಗೆ ಮಾತಾಡಿದೆ, ಆನೆಯ ಬಗ್ಗೆ ಮಾತಾಡಿದೆ, ಮಂಡಿ ಹೇಗಿದೆ ಎಂದು ಎರಡು ಸಲ ಕೇಳಿದೆ.

"ಏನೋ ನುಂಗ್ಕತಾ ಇದೀಯ ತಮ್ಮಯ್ಯ. ಉಗುದ್ಬುಡು."

"ವೆಬ್‌ಸೈಟ್ ಹೊಸದು ಮಾಡಿಸ್ತಾ ಇದ್ದೀನಿ ಅಕ್ಕ."

"ಮಾಡ್ಸು. ಬಿದ್ರೇಣಿ ಕೇಳ್ಕಂಡ್ ಬಂದೋರ್ಗೆಲ್ಲ ಅದೀಗ ಇಲ್ಲ ಅಂತ ಹೇಳೀ ಹೇಳೀ ನನ್ ಬಾಯೇ ಸವ್ದೋಗದೆ."

"ಮ್ಯಾಪಿನ ಗುರುತು ನಿಮ್ಮ ಅಂಗಳದಲ್ಲಿದೆ. ಅದನ್ನ ಅಂಗಡಿಗೆ ಹಾಕ್ಬೇಕಂತೆ."

ಸೌಟು ನಿಂತಿತು. ಅಕ್ಕ ಬಾಣಲೆ ಇಳಿಸಿದರು. "ನಾನು ಎಸ್ಟೇಟ್ ಬಿಟ್ಟಾಗ, ಪಾಪ ಅಂತ ನೀನೇ ಬೇಕಂತ ಹಾಕ್ಸಿದ್ದೀಯ ಅಂದ್ಕಂಡಿದ್ದೆ. ಅದ್ಕೇ ವರ್ಷ ವರ್ಷ ಮೊದಲ್ನೇ ಬಾಟ್ಲಿ ನಿಂಗೇ ಕಳಿಸ್ತಿದ್ದುದು."

ಆ ಬಾಟಲಿಗಳನ್ನೆಲ್ಲ ನಾನು ಬರೀ ನೆರೆಹೊರೆಯ ಪ್ರೀತಿ ಎಂದು ತಿಳಿದು ತಿಂದು ಮುಗಿಸಿದ್ದೆ. ಕೂತಲ್ಲಿಗೇ ಬಂದ ಈ ಪುಣ್ಯವನ್ನು ಹಾಗೆಯೇ ಇಟ್ಟುಕೊಂಡುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ನನ್ನ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ.

"ಇಲ್ಲಕ್ಕ. ನೋಡದೆ ಒತ್ತಿಬಿಟ್ಟಿದ್ದೆ."

ಅಕ್ಕ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು, ಮಸಾಲೆಯ ಘಾಟು ಗಂಟಲಿಗೆ ಹೋಗಿ ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ನಾನೂ ಅಂದ್ಕಂಡೆ, ಇಷ್ಟ್ ಬುದ್ಧಿ ಈ ವಯ್ಯಂಗೆ ಎಲ್ಲಿಂದ ಬಂತು ಅಂತ! ಬುದ್ಧಿ ಇದ್ದೋನು ಏಣಿ ತಗಂಡೋಗಿ ಗೋಡೆಗ್ ಒರಗಿಸ್ತಾನಾ?"

"ಹಾಗಲ್ಲ ಅಕ್ಕ..."

"ಹಂಗೇ. ನೀ ಬಿಟ್ಟೋದ್ಯಲ್ಲ ಆ ಏಣಿ, ನಿನ್ನೆ ಮಾದಾಪುರದ ಕಡೆಯಿಂದ ಬಂದೋರು ಅದನ್ನ ಹತ್ತಿ ನೋಡಿ, ಇಂಥದೇ ಬೇಕು ಅಂದವ್ರೆ. ಕೆಳಗ್ ಬಂದಿದ್ರಲ್ಲ?"

ಬಂದಿದ್ದರು. ಬೆಲೆ ಚೌಕಾಸಿ ಮಾಡದೆ ಕೊಂಡೂ ಹೋಗಿದ್ದರು. ಅದೇಕೆ ಹಾಗೆ ಎಂದು ಆಗಲೂ ಚಿಂತಿಸಿದ್ದೆ.

"ಗುರ್ತು ಕೆಳಗಿಳ್ಸೋ ಬದ್ಲು ನಾಕು ಏಣಿ ಮೇಲಕ್ ಹತ್ಸು" ಎಂದರು ಅಕ್ಕ. "ಇಲ್ಲಿ ಮರ ಅದೆ, ಮೆಣಸದೆ, ಬುಡ ಹಿಡ್ಕಳಕೆ ನಾನಿವ್ನಿ. ಹತ್ತಿ ನೋಡ್ಲಿ, ಕಾಫಿ ಕುಡೀಲಿ, ಬಾಟ್ಲಿ ತಗಳ್ಲಿ. ದುಡ್ ಕೊಡಕೆ ನಿನ್ತಾವ್ ಬರ್ಲಿ. ಜೀಪಿರೋರು ರಸ್ತೆ ಸುತ್ಕಂಡ್ ಬರ್ತಾರೆ. ಆ ದಾರೀನೂ ನಿನ್ ವೆಬ್‌ಸೈಟಲ್ಲಿ ಬರ್ಸು."

ಇದರಲ್ಲಿ ಏನು ತೊಂದರೆಯಿದೆ ಎಂದು ಹುಡುಕಿದೆ. ಹುಡುಕುವುದರಲ್ಲಿ ನಾನು ಪಳಗಿದವನು. ಮಳೆ, ಕೋತಿ, ಸಿಡಿಲು, ಎಲ್ಲ ಹೇಳಿದೆ. ಒಂದೊಂದನ್ನೂ ಅಕ್ಕ ಸೌಟು ಬೀಸಿಯೇ ತಳ್ಳಿಹಾಕಿದರು. ಕೊನೆಗೆ ಒಪ್ಪಿ ನಾಲ್ಕು ಏಣಿ ಮೇಲಕ್ಕೆ ಸಾಗಿಸಿದೆ.

ಹೊಸ ವೆಬ್‌ಸೈಟಿಗೆ ಫೋಟೋ ತೆಗೆದದ್ದು ಅಕ್ಕನ ಅಂಗಳದಲ್ಲೇ. ಸಿಲ್ವರ್ ಓಕಿಗೆ ಒರಗಿಸಿದ ಅಲ್ಯೂಮಿನಿಯಂ ಏಣಿಯ ನಡುವೆ ನಾನು, ಬುಡದಲ್ಲಿ ಅಕ್ಕ. "ಹೊಟ್ಟೆ ಒಳಗೆಳ್ಕೊಳ್ಳಿ" ಎಂದು ಹೆಂಡತಿ ಕೂಗಿದಳು. "ಎಳ್ಕೊಂಡೇ ಇದ್ದೀನಿ" ಎಂದೆ. ಷಡ್ಡಕ 'ಹೊಸತು' ಎಂಬ ಮಿಣುಕುವ ಅಕ್ಷರವನ್ನು ತೆಗೆದ. ಅಂಗಡಿಗೆ ಬರುವ ದಾರಿಯ ಜೊತೆಗೆ ಅಕ್ಕನ ಉಪ್ಪಿನಕಾಯಿಯನ್ನೂ ಸೇರಿಸಿದ.

ನಾನಿನ್ನೂ ಏಣಿಯ ಮೇಲೇ ಇದ್ದೆ. ಅಲ್ಲಿ ರೇಂಜ್ ಇನ್ನೂ ಚೆನ್ನಾಗಿತ್ತು. ಜೇಬಿನಲ್ಲಿ ಫೋನು ನಡುಗಿತು, ಮ್ಯಾಪು ಮತ್ತೆ ಕೇಳುತ್ತಿತ್ತು: ನೀವೀಗ ನಿಮ್ಮ ಅಂಗಡಿಯಲ್ಲಿದ್ದೀರಾ?

ಈ ಸಲ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಸುತ್ತ ನೋಡಿದೆ. 'ಹೌದು' ಎಂದು ಒತ್ತಿದೆ.

"ನೋಡೇ ಒತ್ತಿದ್ಯಾ?" ಅಕ್ಕ ಕೆಳಗಿನಿಂದ ಕೇಳಿದರು.

"ನೋಡೇ ಒತ್ತಿದೆ ಅಕ್ಕ."

"ಹಂಗಾದ್ರೆ ಇಳಿ. ಜೀಪ್ ಬತ್ತಾ ಅದೆ. ಗಿರಾಕಿ ಹತ್ಬೇಕು."